ಹಲ್ಲು ಬರುವ ಕೂಸು

ಮಗನ ಮಲಪರೀಕ್ಷೆಯ ಚೀಟಿಯಲ್ಲಿ ‘ಜಿಯಾರ್ಡಿಯಾ’ ಎಂದಿದೆ, ಕೊಳಕು ನೀರಿನಿಂದ ಕರುಳು ಸೇರುವ ರೋಗಾಣು. ಅವನ ಚಡ್ಡಿ ಒಗೆಯುವಾಗ ಬಂದ ಜಿಡ್ಡು ವಾಸನೆ ನನ್ನನ್ನು ಬಾಲ್ಯಕ್ಕೆ, ನಮ್ಮೂರು ತಾಯಲೂರಿನ ಒಂದು ಮಧ್ಯಾಹ್ನಕ್ಕೆ ಒಯ್ಯಿತು.

ಒಂಬತ್ತು ತಿಂಗಳ ತಂಗಿಗೆ ಮೂರು ವಾರದಿಂದ ಭೇದಿ ನಿಂತಿರಲಿಲ್ಲ. ತೊಡೆಯ ಚರ್ಮ ಹಳೇ ಬಟ್ಟೆಯಂತೆ ಜೋತುಬಿದ್ದಿತ್ತು. ಕರುವಿಗೂ ಭೇದಿಯಾಗಿ, ಅಪ್ಪ ದನದ ಡಾಕ್ಟರನ್ನು ಕರೆಸಿದ್ದರು.

“ಎರಡಕ್ಕೂ ನೀರಿಂದಲೇ ಬಂದಿರ್ಬೋದು. ಬಾವಿ ನೀರು ಕಾಯಿಸಿ ಕುಡೀರಿ. ಮಗೂನ ಇವತ್ತೇ ಮುಳಬಾಗಿಲು ಆಸ್ಪತ್ರೆಗೆ ತೋರಿಸಿ,” ಎಂದರು ಅವರು.

ಅಜ್ಜಿ ನಕ್ಕಳು. “ನಮ್ ಕೂಸೇನು ದನಾನಾ ಸಾಮಿ? ಹಲ್ ಬರ್ತಾ ಐತೆ, ಅದಕ್ಕೇ ಭೇದಿ. ನೀವು ಕರು ನೋಡಿ.”

ಅಮ್ಮ ಕೂಸನ್ನು ಎತ್ತಿಕೊಂಡು ಬಾಗಿಲವರೆಗೆ ಬಂದು, ಮತ್ತೆ ಒಳಗೆ ಹೋದಳು. ಕರುವಿನ ಔಷಧಿ ತರಲು ಅಪ್ಪ ಒಬ್ಬರೇ ಮುಳಬಾಗಿಲು ಬಸ್ಸು ಹತ್ತಿದರು.

ಸಂಜೆ ಅವರು ಬಾಟಲಿ ಹಿಡಿದು ಬಂದಾಗ ಅಮ್ಮ ತಂಗಿಯ ಒಸಡನ್ನು ಬೆರಳಿನಿಂದ ತಡವುತ್ತಲೇ ಇದ್ದಳು. ಕೂಸು ಅಳುವುದನ್ನು ಯಾವಾಗಲೋ ನಿಲ್ಲಿಸಿತ್ತು; ಮೈ ತಣ್ಣಗಾಗಿತ್ತು.