ಬೂಝ್‌ಗೆ ಒಂದು ವಾಕ್ಯ

"‘ಬೂಝ್’ ಅಂದ್ರೆ ಮದ್ಯ, ಅತಿಯಾಗಿ ಕುಡಿಯೋದು, ಆಡುಮಾತು. ಅರ್ಥ ಬರೆದಾಯ್ತು ಮಾವ, ಬಳಕೆಗೆ ಒಂದು ವಾಕ್ಯ ಹೇಳಿ," ಎಂದಳು ಸೊಸೆ. ತಾವು ಬರೆಯುತ್ತಿದ್ದ ಇಂಗ್ಲಿಷ್-ಕನ್ನಡ ನಿಘಂಟಿನ ಆ ಚೀಟಿಯನ್ನು ಮುದುಕರು ಒಂದು ವರ್ಷದಿಂದ ಕಟ್ಟಿನ ತಳಕ್ಕೆ ತಳ್ಳುತ್ತಲೇ ಬಂದಿದ್ದರು. "ಹೀಗೆ ‘ಬಿ’ಯಲ್ಲೇ ಕೂತ್ರೆ ‘ಝಡ್’ ಮುಟ್ಟೋಕೆ ಇನ್ನೊಂದು ಜನ್ಮ ಬೇಕು," ಎಂದು ಅವಳೇ ಅವಸರಪಡಿಸಿದಳು.

ಅವರು ದೇವರನ್ನು ನೆನೆದು ಕಣ್ಣು ಮುಚ್ಚಿದರು. ಬೆರಳು ಮೇಜನ್ನು ತಟ್ಟಿತು: ಎರಡು ಸಲ, ತಡೆದು ಇನ್ನೊಂದು ಸಲ.

"ಬರ್ಕೋ. ಬೂಝ್ ಮಾಡಿ ಬಂದ ಮಗನಿಗೆ ಅಪ್ಪ ಬಾಗಿಲು ತೆಗೆಯಲಿಲ್ಲ."

ಸೊಸೆಯ ಪೆನ್ನು ನಿಂತಿತು. ಮಾವನ ಬೆರಳು ಮೇಜು ತಟ್ಟಿದ ಹಾಗೆಯೇ ಬಾಗಿಲು ತಟ್ಟುತ್ತಿದ್ದವನು ಅವಳ ಗಂಡನೊಬ್ಬನೇ. ಅವನು ಮನೆ ಮುಟ್ಟುವ ಮೊದಲೇ ಲಾರಿಗೆ ಸಿಕ್ಕಿ ಸತ್ತನೆಂದು ಅವಳು ಈವರೆಗೆ ನಂಬಿದ್ದಳು.

"ಎಷ್ಟು ಹೊತ್ತು ತಟ್ಟಿದ್ರು, ಮಾವ?"

"ಇನ್ನೂ ತಟ್ತಾನೇ ಇದಾನಮ್ಮ."