ಅರವತ್ತನೆಯ ಹಾಜರಿ

ಅರ್ಧ ಇಳಿಸಿದ ಶಟರಿನ ಕೆಳಗೆ ಬಗ್ಗಿ ಮೈಲಾರಿ ಒಳಗೆ ಬಂದಾಗ ಶಾಂತಯ್ಯ ಕಂಪ್ಯೂಟರುಗಳ ಪೂಜೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಗೋಕುಲ ರಸ್ತೆಯ ಆ ಇಂಟರ್ನೆಟ್ ಅಂಗಡಿಯಲ್ಲಿ ಇದ್ದದ್ದೇ ಆರು ಕಂಪ್ಯೂಟರು. ಆರಕ್ಕೂ ವಿಭೂತಿ, ಕುಂಕುಮ. ಆರು ಕೀಬೋರ್ಡಿನ ಮೇಲೂ ಒಂದೊಂದು ಚೆಂಡುಹೂವು.

“ಕಾಕಾ, ಒಂದ ಹತ್ತ ಮಿನಿಟ್ ಯಾವದರ ಒಂದ ಹಚ್ಚಿ ಕೊಡ್ರಿ.”

“ಖಂಡೇನವಮಿ ಐತೋ ತಮ್ಮಾ. ಪೂಜಿ ಆದ ಮ್ಯಾಲೆ ಯಂತ್ರ ಮುಟ್ಟಬಾರದು. ನಿನ್ನ ಲೇತ್ ಇವತ್ತ ತಿರಗೇತೇನು?”

ತಿರುಗಿರಲಿಲ್ಲ. ಪಕ್ಕದ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ ಮೈಲಾರಿ ಬೆಳಿಗ್ಗೆ ತಾನೇ ಲೇತಿನ ಮುಂದೆ ಕುಂಬಳಕಾಯಿ ಒಡೆದು ಬಂದಿದ್ದ. ಜೇಬಿನಲ್ಲಿ ಮಾಲೀಕರು ಕೊಟ್ಟ ಹಬ್ಬದ ಇನಾಮು ಮುನ್ನೂರು ರೂಪಾಯಿ ಇತ್ತು. ಅದರಲ್ಲಿ ದುರ್ಗದಬೈಲಿನ ಪೇಟೆಗೆ ಹೋಗಿ ತಂಗಿ ಸತ್ಯವ್ವನಿಗೆ ಸೀರೆ ತರಬೇಕು; ಹೆರಿಗೆಗೆಂದು ತವರಿಗೆ ಬಂದವಳು ಮನೆಯಲ್ಲಿ ಉಣ್ಣದೆ ಕಾಯುತ್ತಿದ್ದಳು. ಆದರೆ ಸೀರೆಗಿಂತ ಮೊದಲು ಆಟ.

ಅದು ಊರಿನ ಹುಡುಗರೆಲ್ಲ ತಲೆ ಕೆಡಿಸಿಕೊಂಡಿದ್ದ ಆನ್‌ಲೈನ್ ಯುದ್ಧದ ಆಟ. ಬಂಗಾರದ ಹಿಡಿಕೆಯ ಖಡ್ಗ ಇಲ್ಲದವರಿಗೆ ಅದರಲ್ಲಿ ಮೇಲಿನ ಕೋಟೆಗೆ ಪ್ರವೇಶವಿಲ್ಲ. ದುಡ್ಡಿದ್ದವರು ಕಂಪನಿಯ ರೀಚಾರ್ಜ್ ಕಾರ್ಡು ಕೊಂಡು ಮೊದಲ ದಿನವೇ ಒಳಗೆ ಹೋದರು. ದುಡ್ಡಿಲ್ಲದವರಿಗೆ ಕಂಪನಿ ಇನ್ನೊಂದು ದಾರಿ ತೋರಿಸಿತ್ತು: ಅರವತ್ತು ದಿನ ಒಂದೂ ತಪ್ಪದೆ ಬಂದು ಆಡಿದರೆ ಖಡ್ಗ ಪುಕ್ಕಟೆ. ದುಡಿದು ತಿನ್ನುವ ಮೈಲಾರಿಗೆ ಈ ದಾರಿ ಬಹಳ ಹಿಡಿಸಿತು. ಜ್ವರ ಬಂದ ದಿನ ಕಂಬಳಿ ಹೊದ್ದು ಬಂದ. ಬಸುರಿ ಸತ್ಯವ್ವನಿಗೆ ಕುಬಸ ಮಾಡಿದ ದಿನ, ತವರಿನ ಒಬ್ಬನೇ ಅಣ್ಣನಾಗಿಯೂ, ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಂತೆಯೇ ಎದ್ದು ಬಂದ. ಬೀಗರ ಎದುರು ತಂಗಿಯ ಮುಖ ಸಣ್ಣದಾಯಿತು. ಆವತ್ತು ಅವಳು ಈ ಅಂಗಡಿಗೇ ಫೋನು ಮಾಡಿ, “ನಮ್ಮಣ್ಣ ಅಲ್ಲಿಗೆ ಬಂದಾನೇನ್ರಿ?” ಎಂದು ಕೇಳಿದ್ದಳು. ಶಾಂತಯ್ಯ ಹೌದೆಂದಿದ್ದರು. ಆಮೇಲೆ ಹದಿನೈದು ದಿನ ಅವಳು ಅಣ್ಣನ ಜೊತೆ ಮಾತು ಬಿಟ್ಟಳು.

“ಐವತ್ತೊಂಬತ್ತ ದಿನ ಆತ್ರಿ ಕಾಕಾ. ಇವತ್ತೊಂದ ದಿನ. ನಿಮ್ಮ ಕಾಲಿಗೆ ಬೀಳ್ತೇನಿ.”

ಖರೇನೇ ಬಗ್ಗಿದ. ಶಾಂತಯ್ಯ ದೇವರ ಫೋಟೋದ ಕಡೆ ಒಮ್ಮೆ ನೋಡಿ, ನಾಲ್ಕನೆಯ ಕೀಬೋರ್ಡಿನ ಹೂವು ತೆಗೆದು ಪಕ್ಕಕ್ಕಿಟ್ಟರು.

ಪರದೆ ಬೆಳಗಿತು. ಅರವತ್ತು ಇರಬೇಕಾದ ಜಾಗದಲ್ಲಿ ಒಂದು ಎಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ನಾಲ್ಕು ಸಾಲು. ಶಾಂತಯ್ಯ ಕನ್ನಡಕ ಏರಿಸಿ ಓದಿ ಹೇಳಿದರು: “ನಿನ್ನಿ ಅವರಲ್ಲಿ ರಿಪೇರಿ ಇತ್ತಂತ. ನಿನ್ನಿ ಹಾಜರಿ ಹತ್ತಿಲ್ಲ. ತಪ್ಪಿದ ದಿನ ಬೇಕಂದ್ರ ಮುನ್ನೂರರ ಕಾರ್ಡ ತಗೋಬೇಕಂತ.”

“ತಪ್ಪಿದ ದಿನ? ನಾ ನಿನ್ನಿ ಬಂದಿದ್ನಲ್ರಿ! ನಿಮ್ಮ ರಜಿಸ್ಟರದಾಗ ಸೈ ಐತಿ!”

ಅಂಗಡಿಗೆ ಬಂದವರೆಲ್ಲ ಹೆಸರು, ವೇಳೆ ಬರೆದು ಸಹಿ ಹಾಕಬೇಕೆಂದು ಪೊಲೀಸರ ಕಟ್ಟಪ್ಪಣೆ ಇತ್ತು. ಮೈಲಾರಿ ಮೇಜಿನ ಮೇಲಿದ್ದ ಆ ರಜಿಸ್ಟರನ್ನು ಎಳೆದು ಹಾಳೆ ತಿರುವಿದ. ನಿನ್ನೆಯ ತಾರೀಖು, ಸಂಜೆ ಆರು ಹತ್ತರಿಂದ ಏಳು, ಎಣ್ಣೆ ಬೆರಳಿನ ಕಲೆಯ ಸಮೇತ ಅವನ ಸಹಿ. ಅದನ್ನೆತ್ತಿ ಪರದೆಯ ಮುಂದೆ ಹಿಡಿದ. ಬೆರಳಿಟ್ಟು ತೋರಿಸಿದ. ಬೆಳೆದ ಮನುಷ್ಯ, ಕಂಪ್ಯೂಟರಿಗೆ ಸಾಕ್ಷಿ ಒಪ್ಪಿಸುತ್ತಿದ್ದ. ನೋಡಲಾಗದೆ ಶಾಂತಯ್ಯ ತಾವೇ ಕುಳಿತು ಕಂಪನಿಗೆ ದೂರು ಬರೆದರು. ಅರೆಗಳಿಗೆಯಲ್ಲಿ ಉತ್ತರ ಬಂತು: ನಿಮ್ಮ ದೂರು ನಮಗೆ ಅಮೂಲ್ಯ.

ಆಟದ ಕಾರ್ಡುಗಳು ಗೋಡೆಯ ಮೇಲೆ ದಾರಕ್ಕೆ ತೂಗುತ್ತಿದ್ದವು. ಮೈಲಾರಿಯ ಕಣ್ಣು ಅತ್ತ ಹೋದದ್ದನ್ನು ನೋಡಿ ಶಾಂತಯ್ಯ ಅಡ್ಡ ನಿಂತರು.

“ಬ್ಯಾಡೋ. ಇವತ್ತ ನಾ ವ್ಯಾಪಾರ ಮಾಡೂದಿಲ್ಲ. ಸೀರಿ ತಗೊಂಡ ಮನೀಗೆ ನಡಿ.”

“ಮತ್ತ ಇಷ್ಟ ದಿನದ್ದೆಲ್ಲಾ ಮಣ್ಣಪಾಲ ಆಗ್ಲೇನ್ರಿ? ಅತ್ತ ಸರೀರಿ ಕಾಕಾ.”

ಇನಾಮಿನ ನೋಟುಗಳನ್ನು ರಜಿಸ್ಟರಿನ ಮೇಲಿಟ್ಟು ಅವನೇ ದಾರದಿಂದ ಕಾರ್ಡು ಕಿತ್ತುಕೊಂಡ. ಉಗುರಿನಿಂದ ಕೆರೆದು ಅಂಕಿಗಳನ್ನು ಒತ್ತಿದ. ಒಂದು ಇದ್ದದ್ದು ಅರವತ್ತಾಯಿತು. ಪರದೆಯ ತುಂಬ ಪಟಾಕಿ ಹಾರಿ ನಡುವೆ ಖಡ್ಗ ಬಂದು ನಿಂತಿತು. ಮೈಲಾರಿ ಮಗುವಿನಂತೆ ನಕ್ಕ.

ಶಾಂತಯ್ಯ ನಗಲಿಲ್ಲ. ಖಡ್ಗದ ಕೆಳಗಿನ ಸಣ್ಣ ಅಕ್ಷರದ ಮೇಲೆ ಅವರ ಕಣ್ಣು ಬಿದ್ದಿತ್ತು.

“ಏಳ ದಿನ ಅಷ್ಟ ಅಂತೋ ಇದು.”

“ಆಮ್ಯಾಲೆ?”

“ಆಮ್ಯಾಲೆ ಮತ್ತೊಂದ ಕಾರ್ಡ.”

ಬಯ್ಯಬೇಕೆಂದರೆ ಕಂಪನಿಯವರು ಯಾರೂ ಎದುರಿಗೆ ಇರಲಿಲ್ಲ. ಮೈಲಾರಿ ತಾನೇ ಕಂಪ್ಯೂಟರು ಆರಿಸಿ ಚೆಂಡುಹೂವನ್ನು ಕೀಬೋರ್ಡಿನ ಮೇಲೆ ಮೊದಲಿನಂತೆ ಇಟ್ಟ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು. ಶಾಂತಯ್ಯ ಎತ್ತಿದರು. “ಹಾಂ, ಸತ್ಯವ್ವಾ, ಹೇಳವ್ವಾ,” ಎಂದವರು ರಿಸೀವರಿಗೆ ಅಂಗೈ ಮುಚ್ಚಿ ಮೈಲಾರಿಯ ಮುಖ ನೋಡಿದರು.

ನಿನ್ನೆಯ ಸಹಿಯಿದ್ದ ಹಾಳೆ ಇನ್ನೂ ತೆರೆದೇ ಇತ್ತು. ಮೈಲಾರಿ ರಜಿಸ್ಟರನ್ನು ಮೆಲ್ಲಗೆ ಮುಚ್ಚಿದ.

“ನಾ ಬಂದಿಲ್ಲಂತ ಹೇಳ್ರಿ ಕಾಕಾ.”