ಹಳದಿ ತೇಲುತುಂಡು

ಪರದೇಶದ ಈ ಬ್ರೈಟನ್ನಿನ ಕಡಲ ದಂಡೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸುಗಳು ಶನಿವಾರದ ಬಿಸಿಲಿಗೆ ಚಾಪೆ ಹಾಸಿ ಕೂತಿದ್ದಾರೆ. ಕೊಳೆತ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ಬೈಂದೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಮೂರು ದಿನದ ಹಿಂದೆ ಮೀನಿಗೆಂದು ದೋಣಿಯಲ್ಲಿ ಹೋದ ಅಪ್ಪಯ್ಯ ಇನ್ನೂ ಬಂದಿರಲಿಲ್ಲ. ಅಮ್ಮ ಮೀನಿನ ಬುಟ್ಟಿಯನ್ನು ಕವುಚಿಟ್ಟು, ನನಗೆ ಹಬ್ಬದ ಅಂಗಿ ತೊಡಿಸಿ ಬಸ್ಸು ಹತ್ತಿಸಿದಳು.

"ಎಲ್ಲಿಗಮ್ಮ?"

"ಸುಮ್ನೆ, ಕಡಲ್ ಕಾಂಬುಕೆ."

ಕಡಲು ನಮ್ಮ ಹಿತ್ತಲಲ್ಲೇ ಇತ್ತು. ಬಸ್ಸಿನ ಆಸೆಗೆ ನಾನು ಮತ್ತೇನೂ ಕೇಳಲಿಲ್ಲ.

ಬೈಂದೂರಿನಲ್ಲಿ ಇಳಿದು ಅಮ್ಮ ಆಗಷ್ಟೇ ಎಣ್ಣೆಯಿಂದ ತೆಗೆದ ಬಿಸಿ ಗೋಳಿಬಜೆ ಕೊಂಡಳು. ತಾನು ತಿನ್ನದೆ ಎರಡನ್ನು ಕಾಗದದಲ್ಲಿ ಸುತ್ತಿ, "ಇದ್ ಅಪ್ಪಯ್ಯಂಗ್," ಎಂದು ಸೆರಗಿಗೆ ಕಟ್ಟಿಕೊಂಡಳು. ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ಅವಳ ಮುಖ ನೋಡಿ, "ತೆಂಕು ಗಾಳಿ ತಂಗಿ, ಕಡ್ಲಗ್ ಬಿದ್ದದ್ದೆಲ್ಲ ಈ ಬದಿಗೇ ಬತ್ತ್," ಎಂದರು. ಅಮ್ಮ ನೀರಂಚಿನಲ್ಲಿ ತಲೆ ತಗ್ಗಿಸಿ ನಡೆದಳು.

ಪಾಚಿಯ ರಾಶಿಯೊಳಗೆ ನನಗೆ ಬಲೆಯ ತೇಲುತುಂಡೊಂದು ಸಿಕ್ಕಿತು. ಅದಕ್ಕೆ ಹಳದಿ ಬಣ್ಣ ಬಳಿದದ್ದು ನಾನೇ, ಬೇಸಗೆಯಲ್ಲಿ ಅಪ್ಪಯ್ಯನ ಪಕ್ಕ ಕೂತು. ಹಳದಿ ನಮ್ಮ ಬಲೆಯ ಗುರುತು.

"ಅಮ್ಮ, ಕಾಣ್, ನಮ್ದ್ ಸಿಕ್ತ್," ಎಂದು ಕುಣಿಯುತ್ತ ಓಡಿದೆ.

ಅಮ್ಮ ಅದರ ಮರಳನ್ನು ಒರೆಸಿದಳು. ಮರಳೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದಳು.

"ಸಾಕ್ ಮಗಾ, ಮನಿಗ್ ಹ್ವಾಪ."

ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಸಿಕ್ಕಿತು. "ಬಪ್ಪ ವಾರ ಅಪ್ಪಯ್ಯನ್ನೂ ಕರ್ಕಂಡ್ ಬಪ್ಪ," ಎಂದೆ.

ಅಮ್ಮ ಸೆರಗಿನ ಗಂಟು ಬಿಚ್ಚಿ, ತಣ್ಣಗಾದ ಆ ಎರಡು ಗೋಳಿಬಜೆಗಳನ್ನು ನನ್ನ ಕೈಗಿಟ್ಟು, "ತಿನ್ನ್," ಎಂದಳು.